ಗ್ಲಾಸ್ಗೋಗೆ ಇರುವ ಛಲ ಚನ್ನಗಿರಿಗೆ ಇಲ್ಲವೇ?

ಕನ್ನಡದ ಯುವಕ ಯುವತಿಯರೇ,

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಂದು ಸರ್ಕಾರಿ ಶಾಲೆಯಿದೆ. ನಡೆಸುವುದು ನಗರಸಭೆ. ಶುಲ್ಕವಿಲ್ಲ. ಅದು ಇಂಗ್ಲಿಷ್ ಶಾಲೆಯಲ್ಲ, ಗೇಲಿಕ್ ಮಾಧ್ಯಮದ ಶಾಲೆ! 3 ವರ್ಷದ ಕೂಸಿನಿಂದ 18ರ ಹರೆಯದವರ ತನಕ ಅಲ್ಲಿ ಕಲಿಯುತ್ತಾರೆ.

ಗೇಲಿಕ್ ಆಡುವವರು ಇಡೀ ಸ್ಕಾಟ್ಲೆಂಡಿನಲ್ಲಿ ಎಷ್ಟು ಮಂದಿ ಗೊತ್ತೇ? 2022ರ ಜನಗಣತಿಯಂತೆ ಸುಮಾರು 70 ಸಾವಿರ. ನಮ್ಮ ಜಗಳೂರು ತಾಲ್ಲೂಕೊಂದರ ಜನಸಂಖ್ಯೆಯೇ ಅದಕ್ಕಿಂತ ಹೆಚ್ಚು!

1872ರ ಶಿಕ್ಷಣ ಕಾಯ್ದೆ ಗೇಲಿಕ್‌ಗೆ ಶಾಲೆಯಲ್ಲಿ ಜಾಗವನ್ನೇ ಕೊಡಲಿಲ್ಲ. ತಾಯ್ನುಡಿ ಆಡಿದ್ದಕ್ಕೆ ಮಕ್ಕಳು ಏಟು ತಿಂದರು. ಆದರೂ ಆ ಜನ ಪಟ್ಟು ಬಿಡಲಿಲ್ಲ. 1985ರಲ್ಲಿ ಗ್ಲಾಸ್ಗೋ ಮತ್ತು ಇನ್ವರ್ನೆಸ್ ನಗರಗಳ ಶಾಲೆಗಳಲ್ಲಿ ಗೇಲಿಕ್ ವಿಭಾಗ ತೆರೆಸಿದರು. 1999ರಲ್ಲಿ ಗ್ಲಾಸ್ಗೋದಲ್ಲಿ ಗೇಲಿಕ್‌ಗೆಂದೇ ಪ್ರಾಥಮಿಕ ಶಾಲೆ ಬಂತು. 2006ರಲ್ಲಿ ಪ್ರೌಢಶಾಲೆಯೂ ಸೇರಿತು. ಇಂದು ಮನೆಯಲ್ಲಿ ಇಂಗ್ಲಿಷ್ ಆಡುವವರೂ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ.

ಈಗ ನಮ್ಮ ಮನೆಯ ಕಥೆ ನೋಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬಂದು ಬೆಂಗಳೂರಿನಲ್ಲಿ ದುಡಿಯುವವರು ನಿಮ್ಮಲ್ಲೂ ಇದ್ದೀರಿ. ಅಡಿಕೆ ತೋಟದ ಮಗನಿಗೂ, ಮಳೆ ಕೈಕೊಟ್ಟ ಹೊಲದ ಮಗಳಿಗೂ ಅಕ್ಷರ ಕಲಿಸಿದ್ದು ಊರಿನ ಸರ್ಕಾರಿ ಕನ್ನಡ ಶಾಲೆ. ಇಂದು ಖಾಸಗಿ ಶಾಲೆಯ ಬಸ್ಸು ಊರ ಬಾಗಿಲಿಗೇ ಬರುತ್ತದೆ, ಕನ್ನಡ ಶಾಲೆಯ ಬೆಂಚು ಖಾಲಿಯಾಗುತ್ತದೆ. ಮಕ್ಕಳಿಲ್ಲದ ಶಾಲೆಗೆ ಬೀಗ ಬೀಳುವುದು ಎಷ್ಟು ಹೊತ್ತು?

1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮವೆಂದು 1994ರಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತ್ತು. ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸರ್ಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಿತು.

ಕೋರ್ಟನ್ನು ಬೈದು ಕೂತರೆ ಕನ್ನಡ ಉಳಿಯದು. ಆಯ್ಕೆ ಪೋಷಕರದಾದರೆ ಹೋರಾಟವೂ ಪೋಷಕರ ಹೊಸ್ತಿಲಲ್ಲೇ ನಡೆಯಬೇಕು. ನಮ್ಮ ಶಾಲೆ ಚೆನ್ನಾಗಿದೆ ಎಂದು ಅವರಿಗೆ ತೋರಿಸಬೇಕು. ಗ್ಲಾಸ್ಗೋದ ಗುಟ್ಟು ಅದೇ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನೀವು ಕಲಿತ ಶಾಲೆಯೊಳಗೆ ಕಾಲಿಡಿ. ಮೇಷ್ಟರ ಹುದ್ದೆ ಖಾಲಿಯೇ? ಸೂರು ಸೋರುತ್ತಿದೆಯೇ? ಶೌಚಾಲಯಕ್ಕೆ ನೀರಿದೆಯೇ? ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುತ್ತಿದ್ದಾರೆಯೇ? ಎಸ್‌ಡಿಎಂಸಿಯವರ ಜೊತೆ ಕೂತು ಪಟ್ಟಿ ಮಾಡಿ. ಬಿಇಓ ಕಚೇರಿಗೆ ಅರ್ಜಿ ಕೊಡಿ, ಉತ್ತರ ಬರುವ ತನಕ ಬಿಡಬೇಡಿ.

ನವೆಂಬರ್ ಒಂದರಂದು ಬಾವುಟ ಹಾರಿಸುವ ಕೈಗಳೇ, ಜೂನ್ ಒಂದರಂದು ಒಂದು ಮಗುವಿನ ಕೈ ಹಿಡಿದು ಕನ್ನಡ ಶಾಲೆಗೆ ಸೇರಿಸಿ!