ಉಲ್ಲನ್ ದಾರದ ಜಡೆ: ಕೂದಲಿಗೆ ರಕ್ಷೆಯಾಗಬೇಕಾದರೆ



ನಿಮ್ಮ ಮಗಳನ್ನು ಬೆಳಕಿಗೆ ಕೂರಿಸಿ, ಹಣೆಯ ಎರಡೂ ಬದಿಯ ಕೂದಲನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ?

ಕಳೆದ ದಸರಾ ರಜೆಯಲ್ಲಿ ಪಿರಿಯಾಪಟ್ಟಣದಿಂದ ನನ್ನ ತಂಗಿಯ ಮಗಳು ಹುಣಸೂರಿನ ನಮ್ಮ ಮನೆಗೆ ಬಂದಿದ್ದಳು. ಹದಿನಾಲ್ಕರ ಹುಡುಗಿ, ಒತ್ತಾದ ಗುಂಗುರು ಕೂದಲು. ತಲೆ ಬಾಚಲು ಕುಳಿತಾಗ ನನಗೆ ಗಾಬರಿಯಾಯಿತು. ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ಎರಡು ಬೆರಳಗಲ ಕೂದಲು ತೆಳುವಾಗಿ ಚರ್ಮ ಕಾಣುತ್ತಿತ್ತು. ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ಖಾಲಾ, ಅಮ್ಮಿ ದಿನಾ ಬಿಗಿಯಾಗಿ ಎರಡು ಜಡೆ ಹಾಕ್ತಾರೆ. ಸಡಿಲ ಬಿಟ್ರೆ ಶಾಲೇಲಿ ಎಲ್ಲರೂ ಕಾಡು ಅಂತ ನಗ್ತಾರೆ."

ತಾಯಿ ಪ್ರೀತಿಯಿಂದಲೇ ಬಾಚುತ್ತಾಳೆ. ಮಗಳು ಅಚ್ಚುಕಟ್ಟಾಗಿ ಕಾಣಲಿ ಎಂಬುದು ಅವಳ ಆಸೆ. ಆದರೆ ದಿನವೂ ಒಂದೇ ಕಡೆ ಎಳೆದು ಕಟ್ಟಿದರೆ ಕೂದಲಿನ ಬುಡ ಸೋಲುತ್ತದೆ. ಮೊದಲು ನೋವು, ನಂತರ ಅಂಚಿನಲ್ಲಿ ಸಣ್ಣ ಗುಳ್ಳೆಗಳು, ಆಮೇಲೆ ಕೂದಲು ತೆಳುವಾಗುವುದು. ಈ ಹಂತದಲ್ಲಿ ಎಳೆಯುವುದನ್ನು ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿಸಿದರೆ ಬುಡವೇ ಮುಚ್ಚಿಹೋಗಿ ಶಾಶ್ವತವಾಗಿ ಬೋಳಾಗುತ್ತದೆ.

ತಂಗಿಗೆ ಫೋನ್ ಮಾಡಿದರೆ ಅವಳ ಪ್ರಶ್ನೆ, "ಅಕ್ಕಾ, ಯಾವ ಎಣ್ಣೆ ಹಚ್ಚಲಿ?" ನಮ್ಮ ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆ ಎಣ್ಣೆ ಇಂದು ದೇಶದಲ್ಲೆಲ್ಲ ಹೆಸರಾಗಿದೆ. ಎಣ್ಣೆಯಿಂದ ಪ್ರಯೋಜನ ಇಲ್ಲವೆನ್ನಲಾರೆ. ತೆಂಗಿನೆಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ನಮ್ಮ ದೇಶದ ಸಂಶೋಧನೆಯೊಂದು ತೋರಿಸಿದೆ. ಆದರೆ ಒಂದು ಕೈಯಲ್ಲಿ ಎಣ್ಣೆ ಹಚ್ಚಿ, ಇನ್ನೊಂದು ಕೈಯಲ್ಲಿ ಬುಡ ಎಳೆದರೆ ಯಾವ ಎಣ್ಣೆ ತಾನೇ ಏನು ಮಾಡೀತು?

ಹಾಗಾಗಿ ರಜೆ ಮುಗಿಯುವವರೆಗೆ ಅವಳ ಕೂದಲಿಗೆ ಬಾಚಣಿಗೆಯಿಂದ ವಿಶ್ರಾಂತಿ ಕೊಡೋಣವೆಂದು ಉಲ್ಲನ್ ದಾರದ ಜಡೆ ಹಾಕಲು ಹೊರಟೆ. ಇದು ಆಫ್ರಿಕಾದ ಹೆಂಗಸರ ವಿದ್ಯೆ. ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿಯೊಂದಕ್ಕೂ ದಾರ ಸೇರಿಸಿ, ಹಗ್ಗದಂತೆ ಹೊಸೆದು ಕೆಲವು ವಾರ ಹಾಗೆಯೇ ಬಿಡುತ್ತಾರೆ. ನೈಜೀರಿಯಾದ ಯೊರುಬಾ ಜನರಲ್ಲಿ ಕೂದಲಿಗೆ ದಾರ ಸುತ್ತುವ ಪದ್ಧತಿ ಬಹಳ ಹಳೆಯದು. ಅವರಲ್ಲಿ ಮುಸ್ಲಿಮರೂ ಬಹಳ ಮಂದಿಯಿದ್ದಾರೆ.

ಆಫ್ರಿಕಾ ನಮಗೆ ಅಷ್ಟೇನೂ ದೂರವಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಆರಂಭವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ಹುಣಸೂರಿನ ಹಕ್ಕಿಪಿಕ್ಕಿಗಳೂ ಇದ್ದರು. ಆಫ್ರಿಕಾ ಮೂಲದ ಸಿದ್ದಿ ಜನರು ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆ ತಲೆಮಾರುಗಳಿಂದ ಕನ್ನಡ ನಾಡಿನವರೇ ಆಗಿದ್ದಾರೆ. ಅವರಲ್ಲೂ ಮುಸ್ಲಿಮ್ ಕುಟುಂಬಗಳಿವೆ. ಸುರುಳಿ ಕೂದಲು ಕಂಡರೆ ನಗುವ ಮಕ್ಕಳಿಗೆ ಇದನ್ನೆಲ್ಲ ಹೇಳಬೇಕು. ಜಡೆಗೆ ದಾರ ಸೇರಿಸುವುದೂ ನಮಗೆ ಹೊಸತಲ್ಲ. ಜಡೆಕುಚ್ಚು ನಮ್ಮ ಅಜ್ಜಿಯರ ಕಾಲದ್ದು. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಸಿದ ಟಿಬೆಟನ್ನರನ್ನು ನಾವು ಬಲ್ಲೆವು. ಟಿಬೆಟ್‌ನ ಖಾಂ ಪ್ರಾಂತ್ಯದ ಗಂಡಸರು ಜಡೆಗೆ ಕೆಂಪು ದಾರದ ಕುಚ್ಚು ಸೇರಿಸಿ ತಲೆಗೆ ಸುತ್ತಿಕೊಳ್ಳುತ್ತಾರೆ.

ಗುಂಗುರು ಕೂದಲಿಗೆ ಈ ಆಸರೆ ಏಕೆ? ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ತುದಿಗಿಳಿಯುತ್ತದೆ. ಸುರುಳಿಯಲ್ಲಿ ಅದು ಇಳಿಯುವುದಿಲ್ಲ. ತುದಿ ಒಣಗುತ್ತದೆ, ಸಿಕ್ಕಾಗುತ್ತದೆ, ಬಾಚಿದಾಗ ತುಂಡಾಗುತ್ತದೆ. ಹೊಸೆದು ಬಿಟ್ಟರೆ ದಿನವೂ ಬಾಚುವ ಕೆಲಸವಿಲ್ಲ, ತುಂಡಾಗುವುದೂ ಕಡಿಮೆ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್. ದಾರ ಅದನ್ನು ಹೆಚ್ಚಿಸುವುದಿಲ್ಲ, ಬೆಳೆದದ್ದು ತುಂಡಾಗದಂತೆ ಕಾಯುತ್ತದೆ ಅಷ್ಟೇ. ನೇರ ಕೂದಲಿನವರಿಗೆ ಇದು ಬೇಕಿಲ್ಲ, ಹೊಸೆದದ್ದು ಜಾರಿ ಬಿಚ್ಚಿಕೊಳ್ಳುತ್ತದೆ. ಅವರಿಗೆ ಸಡಿಲವಾದ ಮೂರೆಳೆ ಜಡೆಯೇ ಸಾಕು.

ವಿಧಾನ ಹೀಗಿದೆ. ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವ ದಾರ ಹೆಚ್ಚಾಗಿ ಅಕ್ರಿಲಿಕ್ ಆಗಿರುತ್ತದೆ. ಇದಕ್ಕೆ ಅದೇ ಒಳ್ಳೆಯದು. ಅಸಲಿ ಉಣ್ಣೆ ಬೆವರು ಹೀರಿ ಗಂಟುಗಟ್ಟುತ್ತದೆ, ಹತ್ತಿ ದಾರ ನೆನೆದರೆ ಭಾರ. ಮೊದಲು ದಾರವನ್ನು ಬಿಸಿನೀರಲ್ಲಿ ಅದ್ದಿ ಬಣ್ಣ ಬಿಡುತ್ತದೆಯೇ ನೋಡಿ. ತಲೆ ತೊಳೆದು, ಸಿಕ್ಕು ಬಿಡಿಸಿ, ಸ್ವಲ್ಪ ಎಣ್ಣೆ ಸವರಿ, ಪೂರ್ತಿ ಒಣಗಿಸಿ. ಕೂದಲಿನ ಎರಡರಷ್ಟಕ್ಕಿಂತ ಸ್ವಲ್ಪ ಉದ್ದ ದಾರ ಕತ್ತರಿಸಿ ಮಧ್ಯಕ್ಕೆ ಮಡಚಿ. ಒಂದು ಭಾಗದ ಕೂದಲನ್ನು ಎರಡು ಎಳೆ ಮಾಡಿ, ಮಡಿಕೆಯನ್ನು ಬುಡದ ಬಳಿ ಇಟ್ಟು, ದಾರದ ಒಂದೊಂದು ಕಾಲನ್ನು ಒಂದೊಂದು ಎಳೆಗೆ ಸೇರಿಸಿ. ಎರಡೂ ಎಳೆಗಳನ್ನು ಬಲಕ್ಕೆ ತಿರುಚುತ್ತಾ, ಒಂದರ ಮೇಲೊಂದನ್ನು ಎಡಕ್ಕೆ ಸುತ್ತುತ್ತಾ ಬನ್ನಿ. ತುದಿಗೆ ಗಂಟು ಹಾಕಿ. ಕೆಲವರು ತುದಿಯನ್ನು ಬೆಂಕಿಗೆ ಹಿಡಿದು ಕರಗಿಸುತ್ತಾರೆ. ಮನೆಯಲ್ಲಿ ಅದು ಖಂಡಿತ ಬೇಡ. ಅಕ್ರಿಲಿಕ್ ಬೇಗ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಮುಂದೆ ನಿಲ್ಲುವಾಗಲೂ ಜಡೆಗಳನ್ನು ಹಿಂದಕ್ಕೆ ಕಟ್ಟಿಕೊಳ್ಳಿ.

ಇಷ್ಟೆಲ್ಲ ತಿಳಿದೂ ನಾನು ತಪ್ಪಿದೆ. ಬೇಗ ಬಿಚ್ಚಿಹೋಗಬಾರದೆಂದು ಬುಡದಲ್ಲಿ ಬಿಗಿದೆ. ಮೂರು ಗಂಟೆಯ ಶ್ರಮ. ಕನ್ನಡಿ ನೋಡಿ ಹುಡುಗಿ ಹಿಗ್ಗಿದಳು. ರಾತ್ರಿ ದಿಂಬಿಗೆ ತಲೆಯಿಡಲಾಗದೆ ಅತ್ತಳು. "ಪರವಾಗಿಲ್ಲ ಖಾಲಾ, ತಡ್ಕೊಳ್ತೀನಿ, ಚೆನ್ನಾಗಿದೆ" ಎಂದಳು. ನೋವನ್ನು ತಡೆದುಕೊಳ್ಳುವುದನ್ನು ಅವಳಿಗೆ ಕಲಿಸಿದ್ದು ನಾವೇ ಅಲ್ಲವೇ? ಅಂದು ರಾತ್ರಿಯೇ ಹಣೆಯ ಅಂಚಿನ ಎಂಟು ಜಡೆ ಬಿಚ್ಚಿದೆ. ಮರುದಿನ ಉಳಿದವನ್ನೂ ಬಿಚ್ಚಿ ಸಡಿಲವಾಗಿ ಹೊಸೆದೆ. ತೆಳುವಾದ ಅಂಚಿನ ಕೂದಲನ್ನು ದಾರಕ್ಕೆ ಸೇರಿಸದೆ ಹಾಗೆಯೇ ಬಿಟ್ಟೆ. ಹುಬ್ಬು ಎತ್ತಿದಾಗ ಚರ್ಮ ಎಳೆದಂತಾದರೆ ಅದು ಬಿಗಿ ಎಂದೇ ತಿಳಿಯಿರಿ.

ಕೆ.ಆರ್. ನಗರದಲ್ಲಿರುವ ನನ್ನ ಗೆಳತಿಗೆ ಇದನ್ನು ಹೇಳಿದಾಗ, "ಕೂದಲಿಗೆ ಕೂದಲು ಸೇರಿಸುವುದು ನಿಷಿದ್ಧವಲ್ಲವೇ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಮದುವೆಯಾದ ಮಗಳು ಕಾಯಿಲೆಯಿಂದ ಕೂದಲು ಕಳೆದುಕೊಂಡಾಗ ಬೇರೆ ಕೂದಲು ಸೇರಿಸಬಹುದೇ ಎಂದು ತಾಯಿಯೊಬ್ಬಳು ಪ್ರವಾದಿಯವರಲ್ಲಿ(ಸ) ಕೇಳಿದ್ದಳು. ಅವರು ಅದನ್ನು ಕಠಿಣವಾಗಿ ತಡೆದರು. ಹಝ್ರತ್ ಅಸ್ಮಾ(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಆದರೆ ಉಣ್ಣೆ, ರೇಷ್ಮೆ ದಾರದ ಕುಚ್ಚಿನಲ್ಲಿ ತೊಂದರೆಯಿಲ್ಲವೆಂದು ಸಈದ್ ಬಿನ್ ಜುಬೈರ್ ಹೇಳಿದ್ದನ್ನು ಅಬೂದಾವೂದ್ ದಾಖಲಿಸಿದ್ದಾರೆ. ಇಮಾಮ್ ಅಹ್ಮದ್‌ರ ಅಭಿಪ್ರಾಯವೂ ಅದೇ ಎಂದಿದ್ದಾರೆ. ಇಮಾಮ್ ಮಾಲಿಕ್‌ರಂಥವರು ಯಾವುದನ್ನೂ ಸೇರಿಸಬಾರದೆಂದರು. ಲೈಸ್ ಬಿನ್ ಸಅದ್ ನಿಷೇಧವು ಕೂದಲಿಗೆ ಮಾತ್ರವೆಂದರು. ನಿಮಗೆ ಸಂದೇಹವಿದ್ದರೆ ನಿಮ್ಮ ಮದ್‌ಹಬ್‌ನ ಆಲಿಮರಲ್ಲಿ ಕೇಳಿಕೊಳ್ಳಿ. ದಾರ ದಾರವಾಗಿಯೇ ಕಾಣುವಂತೆ ಬಣ್ಣದ್ದನ್ನು ಆರಿಸಿದರೆ ಯಾರಿಗೂ ಮೋಸದ ಭಾವನೆ ಬರದು. ನನ್ನ ಹುಡುಗಿ ನೇರಳೆ ಬಣ್ಣ ಆರಿಸಿದಳು.

ಸ್ನಾನದ ವಿಷಯ. ಕೂದಲನ್ನು ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದ ಹಝ್ರತ್ ಉಮ್ಮು ಸಲಮಾ(ರ) ಜನಾಬತ್‌ನ ಸ್ನಾನಕ್ಕೆ ಜಡೆ ಬಿಚ್ಚಬೇಕೇ ಎಂದು ಕೇಳಿದ್ದರು. ಬೇಡ, ತಲೆಗೆ ಮೂರು ಬೊಗಸೆ ನೀರು ಹಾಕಿದರೆ ಸಾಕು ಎಂದು ಪ್ರವಾದಿಯವರು(ಸ) ತಿಳಿಸಿದರು. ಇದು ಮುಸ್ಲಿಮ್ ಗ್ರಂಥದಲ್ಲಿದೆ. ಮುಟ್ಟಿನ ನಂತರದ ಸ್ನಾನಕ್ಕೆ ಬಿಚ್ಚಬೇಕೇ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬುಡಕ್ಕೆ ನೀರು ತಲುಪಬೇಕು ಎಂಬುದನ್ನಂತೂ ಮರೆಯಬಾರದು. ಸಡಿಲವಾಗಿ ಹೊಸೆಯಲು ಇದೂ ಒಂದು ಕಾರಣ.

ಒದ್ದೆ ಜಡೆಯ ಮೇಲೆ ಸ್ಕಾರ್ಫ್ ಕಟ್ಟಬೇಡಿ. ದಾರ ಒಣಗಲು ಬಹಳ ಹೊತ್ತು ಬೇಕು. ಎಚ್.ಡಿ. ಕೋಟೆಯಂಥ ಕಾಡಂಚಿನ ಊರುಗಳಲ್ಲಿ ಮಳೆ ಹಿಡಿದ ದಿನಗಳಲ್ಲಿ ಒಗೆದ ಬಟ್ಟೆಯೇ ಒಣಗದು, ಇನ್ನು ದಾರ ಒಣಗೀತೇ? ವಾಸನೆ ಬರುತ್ತದೆ, ನೆತ್ತಿಯಲ್ಲಿ ತುರಿಕೆ ಆಗುತ್ತದೆ. ಮಳೆಗಾಲಕ್ಕೆ ಇದು ಹೇಳಿಸಿದ್ದಲ್ಲ. ತಲೆಯಲ್ಲಿ ಹೇನಿದ್ದರೆ ಮೊದಲು ಅದನ್ನು ನಿವಾರಿಸಿ. ನಾಲ್ಕು ವಾರ ಸಾಕು, ಆರು ವಾರ ದಾಟಿಸಲೇಬೇಡಿ.

ನಾವು ಶಾಲೆ ಆರಂಭವಾಗುವ ಮೊದಲೇ, ಎರಡು ವಾರಕ್ಕೆ ಬಿಚ್ಚಿದೆವು. ಅಂಗೈ ತುಂಬ ಉದುರಿದ ಕೂದಲು ಕಂಡು ಹುಡುಗಿಯ ಮುಖ ಬಾಡಿತು. ನಿಮಗೂ ಹೀಗಾದರೆ ಹೆದರಬೇಡಿ. ಆರೋಗ್ಯವಂತರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಸಹಜವಾಗಿ ಉದುರುತ್ತವೆ. ಹದಿನೈದು ದಿನದ್ದು ದಾರದಲ್ಲೇ ಸಿಕ್ಕಿಕೊಂಡಿದ್ದರೆ 750ರಿಂದ 1500 ಆಯಿತು. ಆದರೆ ಬುಡದಲ್ಲಿ ನೋವು, ಗುಳ್ಳೆ, ಬೋಳು ಮಚ್ಚೆ ಇದ್ದರೆ ಚರ್ಮವೈದ್ಯರಿಗೆ ತೋರಿಸಿ. ಜ್ವರ ಬಂದು ಎರಡು-ಮೂರು ತಿಂಗಳಿಗೆ, ಹೆರಿಗೆಯ ನಂತರ, ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆಯಿಂದಲೂ ಕೂದಲು ಉದುರುತ್ತದೆ. ಅದಕ್ಕೆ ಜಡೆಯಿಂದ ಪರಿಹಾರವಿಲ್ಲ.

ತಂಗಿ ಈಗ ಮಗಳಿಗೆ ಎರಡೇ ಜಡೆ ಹಾಕುತ್ತಾಳೆ, ಆದರೆ ಸಡಿಲವಾಗಿ, ಬೈತಲೆಯನ್ನು ಆಗಾಗ ಬದಲಿಸುತ್ತಾ. ಸ್ಕಾರ್ಫ್‌ನ ಪಿನ್ನನ್ನೂ ಒಂದೇ ಜಾಗಕ್ಕೆ ಚುಚ್ಚುವುದಿಲ್ಲ. ನಾಲ್ಕು ತಿಂಗಳ ನಂತರ ನೋಡಿದಾಗ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಸುರುಳಿಗಳು ಮೂಡಿದ್ದವು. ಒಂದು ಬದಿಯಲ್ಲಿ ಇನ್ನೂ ತೆಳುವಾಗಿಯೇ ಇದೆ, ಕಾಯುತ್ತಿದ್ದೇವೆ.

ಸಹೋದರಿಯರೇ, ಇಂದು ಸಂಜೆ ಮಗಳಿಗೆ ಜಡೆ ಹಾಕುವಾಗ ಒಂದು ಮಾತು ಕೇಳಿ: "ನೋಯ್ತಾ ಇದೆಯಾ ಮಗಳೇ?" ಅವಳು ಇಲ್ಲ ಎಂದರೂ ಒಮ್ಮೆ ಹಣೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ.