ಕಟ್ಟಿ ಮಾತು – 11: ಮುತ್ಯಾನ ಚಪ್ಪಲ್

📷 1
ಫೋಟೊದಾಗ ಇರೋದು ಬರೇ ಒಂದು ಜೋಡಿ ಚಪ್ಪಲ್. ಹಿಂದ ಪಟ್ಟಿ ಅದ, ಮುಂದ ಅಗಲ ಅದ, ಅಟ್ಟಿ ಮೆತ್ತಗ ಅದ. ಚಂದ ಇಲ್ಲ, ಒಪ್ಕೋತೀನಿ. ಮೊನ್ನೆ ಸ್ಟೋರಿ ನೋಡಿ ಕ್ಲಾಸಿನ ದೋಸ್ತ ಒಬ್ಬ "ದವಾಖಾನಿ ಚಪ್ಪಲ್ ಯಾಕ ಹಾಕೀದಿಲೇ?" ಅಂತ ನಗೋ ಇಮೋಜಿ ಕಳಿಸಿದ್ದ. ಅವನಿಗೇ ಉತ್ತರ ಇದು. ಉದ್ದ ಆಗ್ತದ, ಚಹಾ ಇಟ್ಕೊಂಡು ಓದ್ರಿ.

ಚಪ್ಪಲ್ ನಮ್ಮ ಮುತ್ಯಾಂದು. ಅವಗ ಸಕ್ರಿ ಬ್ಯಾನಿ ಬಂದು 12 ವರ್ಷ. ಈ 12 ವರ್ಷದಾಗ ನಮ್ಮ ಮನ್ಯಾಗ ನಡೆದ ಚರ್ಚೆ ಎಲ್ಲಾ ಬಾಯಿದೇ. ಹೋಳಿಗಿ ಬ್ಯಾಡ, ಚಹಾಕ್ಕ ಸಕ್ರಿ ಬ್ಯಾಡ, ಅನ್ನ ಕಮ್ಮಿ ಮಾಡು, ರೊಟ್ಟಿ ಉಣ್ಣು. ಕಾಲಿನ ಸುದ್ದಿ ಒಬ್ಬರೂ ತೆಗೀಲಿಲ್ಲ. ಗುಳಿಗಿ ಬರೆದುಕೊಟ್ಟ ಡಾಕ್ಟರೂ ತೆಗೀಲಿಲ್ಲ, ನಾವೂ ಕೇಳಲಿಲ್ಲ.

📷 2
ಹೋದ ವರ್ಷ ಸಂಕ್ರಾಂತಿ ಆದ ಮ್ಯಾಲ. ನಮ್ಮ ಮೋರಖಂಡಿ ಕಡೆ ತೊಗರಿ ಕೊಯ್ದು ಹೊಲದ ತುಂಬ ಕೂಳಿ ನಿಂತಿರ್ತಾವ, ಚೂಪನ್ನ ಮೊಳಿ ಇದ್ದಂಗ. ಒಂದು ಸಂಜಿ ಮನಿ ಫರಸಿ ಮ್ಯಾಲ ತಂಗಿ ಕಲೆ ನೋಡಿದಳು. ಬಚ್ಚಲಿಂದ ಅಡಗಿ ಮನಿ ತನಕ, ಬಲಗಾಲಿನ ಹೆಜ್ಜಿಗೊಂದು ಒದ್ದಿ ಗುರುತು. ನೀರು ಅಂತ ಒರಸಲಿಕ್ಕ ಹೋದ್ರ ವಾಸನಿ ಬಂತು. ಮುತ್ಯಾನ ಅಂಗಾಲು ತಿರುವಿ ನೋಡಿದ್ರ ಹೆಬ್ಬೆರಳಿನ ಬುಡಕ್ಕ ಕೂಳಿ ಚೂರು ಮುರಿದು ಒಳಗ ಕುಂತಿತ್ತು, ಸುತ್ತ ಕೀವು. ಎಷ್ಟು ದಿನದ್ದೋ ಗೊತ್ತಿಲ್ಲ.

"ನೋಯಂಗಿಲ್ಲೇನು ಮುತ್ಯಾ?"
"ಇಲ್ಲವ್ವ, ಏನೂ ಆಗಿಲ್ಲ."

ಸುಳ್ಳು ಹೇಳಿರಲಿಲ್ಲ ಅವ. ಖರೇನೇ ನೋಯ್ತಿರಲಿಲ್ಲ. ಬಹಳ ವರ್ಷ ಸಕ್ಕರೆ ಹೆಚ್ಚಿದ್ರ ಕಾಲಿನ ನರ ಸತ್ತು ಹೋಗ್ತಾವ. ಮೊದಲು ಜುಮ್ ಅಂತದ, ಉರೀತದ, ಆಮೇಲೆ ಸುಮ್ಮಗಾಗ್ತದ. ನಮ್ಮ ಮಂದಿ ಆ ಸುಮ್ಮಗಾಗೋದನ್ನ "ಆರಾಮ ಆಯ್ತು" ಅಂತ ತಿಳ್ಕೋತಾರ. ಅದೇ ಹೊತ್ತಿಗೆ ರಕ್ತನಾಳ ಸಣ್ಣಗಾಗಿ ಕಾಲಿಗೆ ರಕ್ತ ಕಮ್ಮಿ, ಬೆವರು ಕಮ್ಮಿ ಆಗಿ ಹಿಮ್ಮಡಿ ಒಡೀತದ. ಬೀಡಿ ಸೇದೋರಾಗಿದ್ರ ಇನ್ನೂ ಕೆಟ್ಟ.

ಅರಿಶಿಣ ಹಚ್ಚಿದ್ವಿ. ಒಬ್ಬರು ಬಿಸಿ ನೀರಾಗ ಕಾಲು ಇಡ್ರಿ ಅಂದ್ರು, ಇಟ್ಟಿವಿ. (ಬಿಸಿ ಗೊತ್ತಾಗದ ಕಾಲನ್ನ ಬಿಸಿ ನೀರಾಗ! ಈಗ ನೆನೆಸಿದ್ರ ಹೊಟ್ಟಿ ಹಿಂಡ್ತದ.) ಒಂದು ದವಾಖಾನಿಯಾಗ ಇಂಜೆಕ್ಷನ್ ಮಾಡಿ, ಪಟ್ಟಿ ಸುತ್ತಿ, "ಹೋಗಿ ಬಾ" ಅಂದ್ರು. ಮುತ್ಯಾ ಅದೇ ಪಟ್ಟಿ ಮ್ಯಾಲ ಹೊಲಕ್ಕ ನಡೆದ. ಮೂರು ವಾರದಾಗ ಬೆರಳು ಕಪ್ಪಾಯ್ತು. ಎರಡು ಬೆರಳು ಹೋದವು.

📷 3
ಇಲ್ಲಿ ನನ್ನ ಮಾತು ಸುರು. ಮುತ್ಯಾನ ಬೆರಳು ತಿಂದದ್ದು ಬರೇ ಸಕ್ರಿ ಅಲ್ಲ. ಗಾಯದ ಮ್ಯಾಲ ಬಿದ್ದ ಅವನ ಭಾರ ಮತ್ತ ನಮ್ಮ ನೋಡದ ಕಣ್ಣು, ಈ ಎರಡೂ ಸೇರಿ ತಿಂದವು.

ಇದು ನನ್ನ ಹೊಸ ಶೋಧ ಏನಲ್ಲ. ಪಾಲ್ ಬ್ರ್ಯಾಂಡ್ ಅಂತ ಸರ್ಜನ್ ಇದ್ದರು, ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಾಗ. 1946ರಿಂದ ವೆಲ್ಲೂರಿನಾಗ ಕುಷ್ಠರೋಗಿಗಳ ಕೈಕಾಲು ನೋಡಿ ನೋಡಿ ಅವರು ಕಂಡುಕೊಂಡಿದ್ದು ಇದು: ಬೆರಳು ತಾನೇ ಉದುರೋದಿಲ್ಲ, ನೋವು ಗೊತ್ತಾಗದ ಮನುಷ್ಯ ಗಾಯದ ಮ್ಯಾಲೇ ನಡೀತಾನ, ಅದಕ್ಕ ಕಾಲು ಕೆಡ್ತದ. ನೋವು ಇದ್ದವ ಕುಂಟ್ತಾನ, ಕುಂಟೋದೇ ಅವನ ಔಷಧ. ಆಮೇಲೆ ಅಮೆರಿಕಾಕ್ಕ ಹೋದಾಗ ಅವರು ಇದೇ ತಿಳಿವಳಿಕೆಯನ್ನ ಸಕ್ರಿ ಬ್ಯಾನಿಯವರ ಕಾಲಿಗೂ ತಂದ್ರು. ಅಂದ್ರ ಮುಲಾಮಿಗಿಂತ ಮೊದಲು ಬೇಕಾದದ್ದು ಗಾಯದ ಮ್ಯಾಲಿನ ಭಾರ ತೆಗೆಯೋದು. ಮೇಲಿನ ಚಪ್ಪಲ್ ಆ ಕುಲದ್ದೇ. ಎಂಸಿಆರ್ ಅಂತಾರ, ಸಣ್ಣ ಸಣ್ಣ ಗಾಳಿಗೂಡಿನ ಮೆತ್ತನ ರಬ್ಬರ್.

ಕುಷ್ಠದವರ ಕಾಲಿನಾಗ ಮೊದಲು ಕಂಡಿದ್ದಕ್ಕ ಈ ಚಪ್ಪಲಿಗೆ ಕೆಟ್ಟ ಹೆಸರು ಅಂಟ್ಯದ. ಮುತ್ಯಾ ಹಾಕ್ಕೊಂಡು ಕಟ್ಟಿಗೆ ಹೋದಾಗ ಒಬ್ಬ "ಆ ಬ್ಯಾನಿ ಏನಾರ ಬಂತೇನ್ರಿ ಯಜಮಾನರ?" ಅಂದ. ಮರುದಿನ ಮುತ್ಯಾ ಬರಿಗಾಲಿಲೆ ಹೋದ. ಎರಡು ಬೆರಳು ಕಳಕೊಂಡ ಮನುಷ್ಯ ಒಂದು ಮಾತಿಗೆ ಅಂಜಿ ಚಪ್ಪಲ್ ಬಿಟ್ಟ.

ನಮ್ಮೂರಿಂದ ಬಸವಕಲ್ಯಾಣ ಎಷ್ಟು ದೂರ ಹೇಳ್ರಿ? ಅಲ್ಲಿ ಹರಳಯ್ಯನ ಗವಿ ಅದ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡಿ ಚರ್ಮದಿಂದ ಬಸವಣ್ಣಗ ಪಾದರಕ್ಷೆ ಮಾಡಿದ್ರು, ಅವ ಅದನ್ನ ಮೆಟ್ಟಲಿಲ್ಲ, ತಲಿ ಮ್ಯಾಲ ಇಟ್ಕೊಂಡ ಅಂತ ಸಣ್ಣವರಿದ್ದಾಗಿಂದ ಕೇಳೀವಿ. ಅಂಥ ನೆಲದಾಗ ಚಪ್ಪಲ್ ಅಂದ್ರ ಹೊಲಸು, ನಗಿಚಾಟಿಕಿ. ನನಗ ಸಿಟ್ಟು ಬರ್ತದ.

📷 4
2023ರಾಗ ಬಂದ ಐಸಿಎಂಆರ್ ಅಧ್ಯಯನದ ಲೆಕ್ಕದಾಗ ಭಾರತದಾಗ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ. ಅಂದ್ರ ನಿಮ್ಮ ಮನ್ಯಾಗ ಇಲ್ಲಂದ್ರ ಬಾಜೂ ಮನ್ಯಾಗ ಅದ. ಅದಕ್ಕ ಇವತ್ತ ಸಂಜಿ ಒಂದು ಕೆಲಸ ಮಾಡ್ರಿ. ಅಜ್ಜಗೋ ಆಯಿಗೋ ಕಣ್ಣು ಮುಚ್ಚಲಿಕ್ಕ ಹೇಳ್ರಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗೆ ನಿಮ್ಮ ತೋರುಬೆರಳು ಹಗುರಕ್ಕ ಒಂದೆರಡು ಸೆಕೆಂಡ್ ಮುಟ್ಟಿಸ್ರಿ, ಒತ್ತಬ್ಯಾಡ್ರಿ. ಮುಟ್ಟಿದ್ದು ಗೊತ್ತಾದಾಗ ಹೇಳಲಿ. ಆರರಾಗ ಎರಡು ತಪ್ಪಿದ್ರ ಡಾಕ್ಟರ್ ಕಡೆ ಕರ್ಕೊಂಡು ಹೋಗ್ರಿ. ಅವರ ಕಡೆ 10 ಗ್ರಾಂ ಒತ್ತಡಕ್ಕ ಬಾಗೋ ನೈಲಾನ್ ಎಳಿ ಇರ್ತದ, ಅದರಿಂದ ಸರಿಯಾಗಿ ನೋಡ್ತಾರ. ಆಶಾ ಅಕ್ಕ ಮನಿಗೆ ಬಂದಾಗೂ ಬೆರಳು ಚುಚ್ಚಿಸ್ಕೊಂಡು ಸುಮ್ಮನಾಗಬ್ಯಾಡ್ರಿ, ಕಾಲೂ ತೋರಿಸ್ರಿ.

ನಮ್ಮ ಮನ್ಯಾಗ ಈಗ ದಿನಾ ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ ಅಂಗಾಲು, ಬೆರಳಿನ ಸಂದಿ ನೋಡೋದು ನನ್ನ ಪಾಳಿ. ಎಣ್ಣಿ ಹಚ್ಚೋದು ತಂಗಿ ಪಾಳಿ, ಸಂದಿ ಬಿಟ್ಟು. ಅಲ್ಲಿ ಹಸಿ ಉಳಿದ್ರ ಕೊಳೀತದ. ಚಪ್ಪಲ್ ಹಾಕೋ ಮೊದಲು ಒಳಗ ಕೈಯಾಡಿಸಿ ಹಳ್ಳು ಅದೇನು ನೋಡ್ತೀವಿ. ಆಣಿ ಬಂದ್ರ ಬ್ಲೇಡ್ ಮುಟ್ಟಂಗಿಲ್ಲ. ಮನಿ ಒಳಗೂ ಚಪ್ಪಲ್, ಅದಕ್ಕ ಬ್ಯಾರೆ ಜೋಡಿ ಇಟ್ಟೀವಿ. ಅವ್ವಗ ಇದು ಸೇರಲಿಲ್ಲ. ಎರಡು ದಿನ ಮಾತು ಬಿಟ್ಟಿದ್ಲು. ದೇವರ ಕೋಣಿ ಒಂದು ಬಿಟ್ಟು ಉಳಿದ ಕಡೆ ಅಡ್ಡಿಯಿಲ್ಲ ಅಂತ ರಾಜಿ ಆಗ್ಯದ.

ಸರ್ಕಾರಕ್ಕೂ ಒಂದು ಮಾತು. ಸಕ್ರಿ ಗುಳಿಗಿ ಪುಕ್ಕಟೆ ಕೊಡೋ ಕೌಂಟರ್‌ನಾಗೇ ಕಾಲು ಸುಮ್ಮಗಾದವರಿಗೆ ಈ ಚಪ್ಪಲೂ ಕೊಡಬೇಕು. ಬೆರಳು ಕತ್ತರಿಸೋ ಖರ್ಚಿನ ಮುಂದ ಒಂದು ಜೋಡಿ ಚಪ್ಪಲ್ ಏನು ಮಹಾ?

📷 5
ಈಗ ಮನ್ಯಾಗ ನಡೆದ ಜಗಳ. ಸೀಗಿ ಹುಣ್ಣಿಮಿ ಬರ್ಲಿಕತ್ಯದ. ನಮ್ಮ ಕಡಿ ಮಂದಿ ತುಳಜಾಪುರಕ್ಕ ಬರಿಗಾಲಿಲೆ ಹೋಗೋದು ನಿಮಗ ಗೊತ್ತೇ ಅದ, ನೂರು ಕಿಲೋಮೀಟರ್ ಮ್ಯಾಲೇ ಡಾಂಬರು. ಮುತ್ಯಾ ಹರಕಿ ಹೊತ್ತಾನ. "ಕಾಲು ಉಳಿಸ್ಯಾಳ, ಆ ಕಾಲಿಲೇ ಹೋಗ್ಬೇಕು" ಅಂತಾನ. ಈ ಮಾತಿಗೆ ನನ್ನ ಕಡೆ ಥಟ್ಟನೆ ಉತ್ತರ ಇರಲಿಲ್ಲ. ಭಕ್ತಿ ಮೂಢತನ ಅಂತ ನಾ ಹೇಳೋದಿಲ್ಲ. ನಾ ಅಂದಿದ್ದು ಇಷ್ಟೇ: ಬಸ್ಸಿಗೆ ಹೋಗೋಣ, ಊರ ಹೊರಗ ಇಳಿದು ಮಹಾದ್ವಾರದ ತನಕ ಚಪ್ಪಲ್ ಹಾಕ್ಕೊಂಡು ನಡಿ, ಒಳಗ ದಪ್ಪ ಕಾಲುಚೀಲ ಹಾಕ್ಕೋ, ಬಿಸಿಲು ಏರೋ ಮೊದಲೇ ದರ್ಶನ ಮುಗಿಸೋಣ. ಸುಟ್ಟಿದ್ದು ಗೊತ್ತಾಗದ ಕಾಲು ನಿಂದು, ಕಾದ ಕಲ್ಲು ಹರಕಿ ನೋಡಿ ತಣ್ಣಗಾಗೋದಿಲ್ಲ.

ಮುತ್ಯಾ ಇನ್ನೂ ಹ್ಞೂಂ ಅಂದಿಲ್ಲ. ಆದ್ರ ಇವತ್ತ ಮುಂಜಾನೆ ಕಾಲೇಜಿಗೆ ಹೊಂಟಾಗ ಕರೆದು, "ಎಡಗಡಿ ಪಟ್ಟಿ ಸಡ್ಲ ಆಗ್ಯದ, ಕಲ್ಯಾಣದಾಗ ಹೊಲಸ್ಕೊಂಡು ಬಾ" ಅಂತ ಚಪ್ಪಲ್ ಚೀಲದಾಗ ಹಾಕಿ ಕೊಟ್ಟ.