ಅಜ್ಜಿಯ ಸ್ಕ್ಯಾನ್ ಸಿಲಬಸ್‌ನಲ್ಲಿಲ್ಲವೇ?

ಒಂಬತ್ತನೆಯ ತರಗತಿಯ ‘ಪರಮಾಣುವಿನ ರಚನೆ’ ಪಾಠದ ಕೊನೆಯಲ್ಲಿ ಸಮಸ್ಥಾನಿಗಳ ಉಪಯೋಗಗಳು ಬರುತ್ತವೆ. ಯುರೇನಿಯಂ ರಿಯಾಕ್ಟರಿಗೆ, ಕೋಬಾಲ್ಟ್ ಕ್ಯಾನ್ಸರಿಗೆ, ಅಯೋಡಿನ್ ಗಳಗಂಡಕ್ಕೆ. ನಮ್ಮ ಪ್ರಶಿಕ್ಷಣಾರ್ಥಿಗಳು ಈ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದು, ಗಂಟೆ ಹೊಡೆಯುವುದರೊಳಗೆ ಒಮ್ಮೆ ಓದಿಸಿ ಮುಗಿಸುತ್ತಾರೆ. ನಾನು ಅವಲೋಕಿಸಿದ ಒಂದು ಪಾಠದಲ್ಲಿ ಹುಡುಗಿಯೊಬ್ಬಳು ಎದ್ದು, “ಸಾರ್, ನಮ್ಮಜ್ಜಿಗೆ ಅಂಥದ್ದೇ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡಿದಾರೆ. ಪಕ್ಕ ಮಲಗಬೇಡ ಅಂತಾರೆ. ಎಷ್ಟು ದಿನ ಸಾರ್?” ಎಂದಳು. “ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೊ” ಎಂಬ ಉತ್ತರ ಬಂತು. ಕಾಲಪಾಲನೆಗೆ ನಾನು ಆಗಲೇ ಒಳ್ಳೆಯ ಅಂಕ ಬರೆದಿದ್ದೆ, ಹೊಡೆದುಹಾಕಿದೆ.

ಆ ಮೂರು ಸಾಲಿಗೆ ಒಂದು ಪೂರ್ಣ ಅವಧಿ ಕೊಡಬೇಕೆಂಬುದು ನನ್ನ ವಾದ. ಉದಾಹರಣೆಯಾಗಿ ವಿಕಿರಣಶೀಲ ಗುರುತು ಅಂಟಿಸಿದ ಪ್ರತಿಕಾಯವನ್ನು ತೆಗೆದುಕೊಳ್ಳಬಹುದು. ಒಂದು ಪ್ರತಿಕಾಯ ತನಗೆ ಹೊಂದುವ ಪ್ರತಿಜನಕವನ್ನೇ ಹುಡುಕಿ ಹಿಡಿಯುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದರು. ಗಡ್ಡೆಯ ಕೋಶಗಳನ್ನು ಹಿಡಿಯುವ ಪ್ರತಿಕಾಯಕ್ಕೆ ವಿಕಿರಣಶೀಲ ಪರಮಾಣು ಅಂಟಿಸಿ ರಕ್ತಕ್ಕೆ ಬಿಟ್ಟರೆ, ಅದು ಎಲ್ಲಿ ಹೋಗಿ ನಿಂತಿತೆಂದು ಹೊರಗಿನ ಕ್ಯಾಮರಾ ತೋರಿಸುತ್ತದೆ.

ಈಗ ತರಗತಿಯನ್ನೇ ಕೇಳಿ: ಯಾವ ಪರಮಾಣು ಅಂಟಿಸೋಣ? ಪ್ರತಿಕಾಯ ದೊಡ್ಡ ಅಣು. ಅದು ಗಡ್ಡೆ ಸೇರಿ, ಮಿಕ್ಕದ್ದು ರಕ್ತದಿಂದ ಕಡಿಮೆಯಾಗಿ ಚಿತ್ರ ತಿಳಿಯಾಗಲು ಕೆಲವು ದಿನ ಕಾಯಬೇಕು. ಟೆಕ್ನೀಷಿಯಂ-99ಎಂನ ಅರ್ಧಾಯು 6 ಗಂಟೆ. ಮೂರು ದಿನದಲ್ಲಿ 12 ಸಲ ಅರ್ಧವಾಗಿ, 4096ರಲ್ಲಿ 1 ಭಾಗ ಉಳಿಯುತ್ತದೆ. ಜಿರ್ಕೋನಿಯಂ-89ರ ಅರ್ಧಾಯು ಸುಮಾರು 78 ಗಂಟೆ; ಮೂರು ದಿನದ ಮೇಲೂ ಅರ್ಧಕ್ಕಿಂತ ತುಸು ಹೆಚ್ಚೇ ಇರುತ್ತದೆ. ಕಾಗದದ ಪಟ್ಟಿಯೊಂದನ್ನು ಮಕ್ಕಳು 12 ಸಲ ಅರ್ಧಕ್ಕೆ ಕತ್ತರಿಸಲು ನೋಡಲಿ. ಏಳೆಂಟಕ್ಕೇ ಕತ್ತರಿ ಸೋಲುತ್ತದೆ. ಹೆಸರಿಲ್ಲದ ‘ಎಕ್ಸ್’ ಧಾತುವಿನ ಲೆಕ್ಕಕ್ಕಿಂತ ಇದು ಮೇಲು.

ಟಾರ್ಚ್ ಹಿಡಿದ ಅಂಚೆಯಣ್ಣ ಎಂಬ ಹೋಲಿಕೆಯನ್ನೂ ಬಳಸಬಹುದು, ಅದು ಎಲ್ಲಿ ಕೈಕೊಡುತ್ತದೆಂದು ಹೇಳುವುದಾದರೆ. ಟಾರ್ಚನ್ನು ಅಂಗೈಗೇ ಕಟ್ಟಿದರೆ ಕಾಗದ ಹಿಡಿಯಲಾಗದು. ಗುರುತು ಪ್ರತಿಕಾಯದ ಹಿಡಿಯುವ ತುದಿಗೇ ಅಂಟಿದರೆ ಹಿಡಿತ ಕೆಡುತ್ತದೆ. ದಾರಿಯಲ್ಲಿ ಟಾರ್ಚ್ ಬಿದ್ದರೆ ಬೆಳಕು ಬಿದ್ದಲ್ಲೇ ಕಾಣುತ್ತದೆ. ಕಳಚಿಕೊಂಡ ಅಯೋಡಿನ್ ಥೈರಾಯಿಡ್ ಸೇರುತ್ತದೆ, ಜಿರ್ಕೋನಿಯಂ ಮೂಳೆ ಸೇರುತ್ತದೆ. ಆದ್ದರಿಂದಲೇ ಲೋಹವನ್ನು ಕಚ್ಚಿ ಹಿಡಿಯುವ ಬೇರೊಂದು ಅಣುವನ್ನು ನಡುವೆ ಜೋಡಿಸುತ್ತಾರೆ. ಕ್ಯಾಮರಾ ಕಾಣುವುದು ಗುರುತನ್ನು, ಪ್ರತಿಕಾಯವನ್ನಲ್ಲ. ಇಷ್ಟು ತಿಳಿದ ಮಗುವಿಗೆ, ಗಳಗಂಡಕ್ಕೆ ಅಯೋಡಿನ್ನೇ ಏಕೆಂದು ಬಾಯಿಪಾಠ ಮಾಡಿಸಬೇಕಿಲ್ಲ.

ಸಮಯ ಸಾಲದು ಎನ್ನುತ್ತೀರಿ, ನಿಜ. ಪ್ರೋಟಾನ್, ನ್ಯೂಟ್ರಾನ್ ಎಣಿಸುವ ಕೋಷ್ಟಕವನ್ನು ಮೂರು ಸಲ ತುಂಬಿಸುವ ಬದಲು ಒಂದು ಸಲ ತುಂಬಿಸಿ. ಇನ್ನೊಂದು ಅಡ್ಡಿ ನಮ್ಮದೇ: ಪಿಸಿಎಂ ಓದಿ ಬಂದವರು ಪ್ರತಿಕಾಯ ತಮ್ಮದಲ್ಲವೆನ್ನುತ್ತಾರೆ, ಸಿಬಿಝಡ್‌ನವರು ಅರ್ಧಾಯು ತಮ್ಮದಲ್ಲವೆನ್ನುತ್ತಾರೆ. ಇಬ್ಬರನ್ನೂ ಕೂಡಿಸಿ ಒಂದೇ ಪಾಠ ಯೋಜನೆ ಬರೆಸಬಾರದೇಕೆ?

ಆ ಹುಡುಗಿಗೆ ಹೇಳಬಹುದಾಗಿದ್ದದ್ದು ಇಷ್ಟೇ: ಅದು ಕೊಟ್ಟ ಔಷಧದ ಮೇಲೆ ನಿಂತಿದೆ, ಕೆಲವು ಒಂದೇ ದಿನದಲ್ಲಿ ತೀರಾ ಕ್ಷೀಣಿಸುತ್ತವೆ, ಕೆಲವು ವಾರ ಹಿಡಿಯುತ್ತವೆ, ಆಸ್ಪತ್ರೆಯವರು ಎಷ್ಟು ದಿನ ಎಂದಿದ್ದಾರೋ ಮನೆಯಲ್ಲಿ ಕೇಳು, ಅಷ್ಟು ದಿನ ತುಸು ದೂರ ಕೂತು ಅಜ್ಜಿಯ ಜೊತೆ ಮಾತಾಡು, ಆಮೇಲೆ ಎಂದಿನಂತೆ ಪಕ್ಕದಲ್ಲೇ ಮಲಗು.